ಅರ್ಧ ಬಿಚ್ಚಿಟ್ಟ ಫಿಯೆಟ್: ಮಲೆನಾಡಿನ ಒಂದು ಹಳೇ ಕಾರಿನ ಮಾರಾಟ

ಕಾರು 1968ರ ಫಿಯೆಟ್ 1100 ಡಿಲೈಟ್. ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯದು. ಮನೆಯ ಯಜಮಾನರು 1970ರ ದಶಕದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ನಲವತ್ತು ವರ್ಷಕ್ಕೂ ಮೇಲೆ ಓಡಿಸಿ, ಕೊನೆಗೆ ಒಂದು ಸಲ ಪೂರ್ತಿ ಕೆಲಸ ಮಾಡಿಸಿಬಿಡೋಣ ಎಂದು ಬಿಚ್ಚಿಸಿದ್ದರು. ಎಂಜಿನ್ ಕೆಲಸ ಮುಗಿಯಿತು. ಬಾಡಿ ಕೆಲಸಕ್ಕೆ ಕೈ ಹಾಕುವಷ್ಟರಲ್ಲಿ, 2022ರಲ್ಲಿ, ಅವರೇ ತೀರಿಕೊಂಡರು. ಸೀಟು ಒಂದು ಕಡೆ, ಬಂಪರ್ ಇನ್ನೊಂದು ಕಡೆ ಇಟ್ಟುಕೊಂಡು ಕಾರು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಎರಡು ಮಳೆಗಾಲ ಕಳೆಯಿತು. 2024ರಲ್ಲಿ ಮನೆಯವರು ಮಾರುವ ತೀರ್ಮಾನಕ್ಕೆ ಬಂದಾಗ, ಹಳೇ ಫಿಯೆಟ್‌ಗಳ ಸಹವಾಸ ನನಗಿದೆ ಎಂದು ಗೊತ್ತಿದ್ದ ಮಗ ನನ್ನನ್ನು ಕರೆದರು. ಅವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ನಾನು ಹೋಗುವ ಹೊತ್ತಿಗೆ ಆ ಮನೆಯಲ್ಲಿ ಎರಡು ರೇಟು ಓಡಾಡುತ್ತಿದ್ದವು. ಪೇಟೆಯಿಂದ ಬಂದಿದ್ದ ಗುಜರಿಯವರು 38,000 ಹೇಳಿ ಹೋಗಿದ್ದರು. ಮಗನ ಮೊಬೈಲಿನಲ್ಲಿ ಅದೇ ಮಾಡೆಲ್ಲಿನ, ಫಳಫಳ ಹೊಳೆಯುವ ಕಾರೊಂದಕ್ಕೆ ಐದು ಲಕ್ಷ ಎಂದು ಹಾಕಿದ್ದರು. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಎನ್ನುವುದೇ ಈ ಪ್ರಕರಣದ ಪ್ರಶ್ನೆ. ಕೆಲಸ ಬಾಕಿ ಇರುವ ಹಳೇ ಕಾರಿನ ಬೆಲೆಯನ್ನು ಎಂಜಿನ್ ನಿರ್ಧರಿಸುವುದಿಲ್ಲ, ಹೊರಗಿನ ಬಣ್ಣವಂತೂ ಅಲ್ಲವೇ ಅಲ್ಲ. ತಗಡು ಎಷ್ಟು ಉಳಿದಿದೆ, ಕಾಗದ ಎಷ್ಟು ಸರಿಯಿದೆ, ಮಾರುವವರು ಎಷ್ಟನ್ನು ಬಾಯಿಬಿಟ್ಟು ಹೇಳುತ್ತಾರೆ, ಈ ಮೂರರ ಮೇಲೆ ಅದು ನಿಂತಿರುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಈ ಕಾರು ಅದನ್ನು ಮತ್ತೊಮ್ಮೆ ತೋರಿಸಿಕೊಟ್ಟಿತು.

ಮೊದಲು ಕಾರಿನ ಬಗ್ಗೆ ಸ್ವಲ್ಪ. ಫಿಯೆಟ್ ಪರವಾನಗಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಮುಂಬೈನ ಕುರ್ಲಾದಲ್ಲಿ ತಯಾರಿಸುತ್ತಿದ್ದ ಈ ಗಾಡಿ 1964ರಿಂದ ಡಿಲೈಟ್ ಎಂಬ ಹೆಸರಲ್ಲಿ ಬಂತು. 1974ರಲ್ಲಿ ಪದ್ಮಿನಿ ಎಂದಾಯಿತು. ಹೆಚ್ಚುಕಡಿಮೆ ಅದೇ ಬಾಡಿ, ಅದೇ 1089 ಸಿಸಿ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದ ಅದೇ ಹ್ಯಾಂಡ್ ಗೇರು ದಶಕಗಟ್ಟಲೆ ನಡೆಯಿತು. ಮುಂಬೈನ ಹಳೇ ಕಪ್ಪು–ಹಳದಿ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ಇದೇ ವಂಶದವಾಗಿದ್ದವು. ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಮಾರುವವರಿಗೆ ಇದರಿಂದ ಒಂದು ಅನುಕೂಲ, ಒಂದು ಅನಾನುಕೂಲ. ಬ್ರೇಕ್ ಕಿಟ್, ಕ್ಲಚ್ ಪ್ಲೇಟ್, ಕಿಂಗ್ ಪಿನ್, ಬೀಡಿಂಗ್ ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಇಂದಿಗೂ ಸಿಗುತ್ತವೆ. ಹಾಗಾಗಿ ಅರ್ಧ ಬಿಚ್ಚಿದ ಫಿಯೆಟ್ ಕೊಳ್ಳಲು ಜನ ಹೆದರುವುದಿಲ್ಲ. ಇದೇ ಸ್ಥಿತಿಯಲ್ಲಿ ಅದೇ ಕಾಲದ ಸ್ಟಾಂಡರ್ಡ್ ಹೆರಾಲ್ಡ್ ಕಾರು ಇದ್ದಿದ್ದರೆ ಮಾತೇ ಬೇರೆ ಆಗುತ್ತಿತ್ತು. ಆದರೆ ಫಿಯೆಟ್ ಅಪರೂಪದ ಕಾರೂ ಅಲ್ಲ. ಇದು ಬಿಟ್ಟರೆ ಇನ್ನೊಂದು ಸಿಗುತ್ತದೆ ಎಂದು ಕೊಳ್ಳುವವರಿಗೆ ಗೊತ್ತು.

ತಗಡಿನ ಪರೀಕ್ಷೆ

ಫಿಯೆಟ್‌ಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಮತ್ತು ಕಾಲಿಡುವ ಫ್ಲೋರ್ ಶೀಟು ಸೇರಿ ಇಡೀ ಗಾಡಿಯನ್ನು ಹೊತ್ತಿರುತ್ತವೆ. ಅಲ್ಲಿ ತುಕ್ಕು ಹಿಡಿದರೆ ಅದು ಅಂದದ ವಿಚಾರವಲ್ಲ, ಬಲದ ವಿಚಾರ. ಮಲೆನಾಡಿನ ಕಾರುಗಳಲ್ಲಿ ನಾನು ಮೊದಲು ಬಗ್ಗಿ ನೋಡುವುದು ಅಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ಕೆಸರು ಸಿಲ್ ಒಳಗೆ ಸೇರಿ, ನೀರು ಹೋಗುವ ತೂತುಗಳನ್ನು ಮುಚ್ಚಿ, ಬೇಸಿಗೆಯವರೆಗೂ ಒದ್ದೆಯಾಗಿಯೇ ಇರುತ್ತದೆ. ತಗಡು ಒಳಗಿನಿಂದ ಹೊರಕ್ಕೆ ತಿಂದುಕೊಂಡು ಬರುತ್ತದೆ. ಮೇಲೆ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಎಡಗಡೆಯ ಸಿಲ್ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ, ಟಣ್ ಎಂದಿತು. ಬಲಗಡೆ ಡ್ರೈವರ್ ಬಾಗಿಲಿನ ಕೆಳಗೆ ತಟ್ಟಿದರೆ ಹಲಗೆ ಬಡಿದ ಹಾಗೆ ಮಂಕು ಸದ್ದು. ತುದಿಯಿಂದ ಒತ್ತಿದೆ. ಬಣ್ಣದ ಪದರ ಬಿರಿದು, ಪುಡಿ ಪುಡಿ ಕೆಂಪು ತುಕ್ಕು ಉದುರಿ, ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಪಕ್ಕದಲ್ಲಿ ನಿಂತಿದ್ದ ಮಗನ ಮುಖ ಸಣ್ಣಗಾಯಿತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಂದಿನ ಮಡ್‌ಗಾರ್ಡ್ ಮೇಲೆ ಓಡಿಸಿದರೆ, ಚಕ್ರದ ಕಮಾನಿನ ಹತ್ತಿರ ಅಂಗೈಯಗಲ ಜಾಗದಲ್ಲಿ ಹಿಡಿಯಲೇ ಇಲ್ಲ. ಅಲ್ಲಿದ್ದದ್ದು ಪುಟ್ಟಿ, ಯಾವ ಕಾಲದಲ್ಲಿ ಮೆತ್ತಿದ್ದೋ. ಬ್ಯಾಟರಿ ಕೂರುವ ತಟ್ಟೆ ಆಸಿಡ್ ಬಿದ್ದು ಜರಡಿಯಾಗಿತ್ತು.

ಇಷ್ಟಾದರೂ ಗಾಡಿ ಕೆಟ್ಟು ಹೋಗಿಲ್ಲ ಎಂದು ನನಗೆ ಅನ್ನಿಸಿದ್ದು ಇನ್ನೊಂದು ಪರೀಕ್ಷೆಯಿಂದ. ಬಲಗಡೆ ಜಾಕ್ ಕೊಟ್ಟು ಎತ್ತಿ, ಎತ್ತಿದ ಸ್ಥಿತಿಯಲ್ಲೇ ಬಾಗಿಲು ತೆಗೆದು ಮುಚ್ಚಿ ನೋಡಿದೆ. ಬಲ ಪೂರ್ತಿ ಹೋದ ಬಾಡಿಯಾದರೆ ನಡು ಬಗ್ಗಿ ಬಾಗಿಲು ಕಚ್ಚಿಕೊಳ್ಳುತ್ತದೆ. ಇಲ್ಲಿ ಸಂದು ಕೊಂಚ ಕಿರಿದಾಯಿತು, ಬಾಗಿಲು ಮಾತ್ರ ಸಲೀಸಾಗಿ ಕೂತಿತು. ಒಂದು ಸಿಲ್, ಅರ್ಧ ಫ್ಲೋರ್ ಶೀಟು, ಎರಡು ಕಮಾನು ಬದಲಿಸಿದರೆ ಮತ್ತೆ ಗಟ್ಟಿಯಾಗುವ ಗಾಡಿ ಎಂದು ಖಾತ್ರಿಯಾಯಿತು.

ಎಂಜಿನ್ ಚೆನ್ನಾಗಿತ್ತು. ರೀಬೋರ್ ಆಗಿ (ಅಂದರೆ ಸವೆದ ಸಿಲಿಂಡರನ್ನು ಮತ್ತೆ ಕೊರೆಸಿ) ಹೊಸ ಪಿಸ್ಟನ್ ಬಿದ್ದಿದ್ದ ನಾಲ್ಕೂ ಸಿಲಿಂಡರಿನಲ್ಲಿ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಹತ್ತಿರ ಹತ್ತಿರ ಒಂದೇ ಇತ್ತು. ಆದರೆ ಎಂಜಿನ್ ಬ್ಲಾಕಿನ ಮೇಲಿನ ನಂಬರು ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇದ್ದ ನಂಬರಲ್ಲ. ಅದರ ಕತೆ ಮುಂದೆ ಬರುತ್ತದೆ.

ಬಣ್ಣ ಹೊಡೆಸಬೇಕೇ?

"ಸಾರ್, ಐವತ್ತು ಸಾವಿರ ಹಾಕಿ ಬಣ್ಣ ಹೊಡೆಸಿಬಿಟ್ರೆ ಆರಾಮಾಗಿ ಎರಡೂವರೆ ಲಕ್ಷ ಬರಲ್ವಾ?" ಎಂದರು ಮಗ. ಹಳೇ ಕಾರು ಮಾರುವ ಬಹುತೇಕ ಮನೆಗಳಲ್ಲಿ ಈ ಮಾತು ಬರುತ್ತದೆ. ನಾನು ಬೇಡ ಎಂದೆ, ಪಟ್ಟು ಹಿಡಿದೇ ಬೇಡ ಎಂದೆ.

ಹಳೇ ಕಾರು ಕೊಳ್ಳಲು ಬರುವ ತಿಳಿದವರಿಗೆ ಹೊಸ ಬಣ್ಣ ಅನುಮಾನದ ವಸ್ತು. ಅವರ ಕಿಸೆಯಲ್ಲೂ ಅಯಸ್ಕಾಂತ ಇರುತ್ತದೆ. ಐವತ್ತು ಸಾವಿರದ ಬಣ್ಣ ಎಂದರೆ ಸಿಲ್ ಬಿಚ್ಚಿ ವೆಲ್ಡ್ ಮಾಡುವ ಬಣ್ಣವಲ್ಲ, ತೂತಿನ ಮೇಲೆ ಪುಟ್ಟಿ ಮೆತ್ತಿ ಹೊಡೆಯುವ ಬಣ್ಣ. ಅದನ್ನು ಕೊಂಡವರು ಮುಂದೆ ಕೆರೆದು ತೆಗೆಯಲೇಬೇಕು. ಅಂದರೆ ಮಾರುವವರು ಹಾಕಿದ ಐವತ್ತು ಸಾವಿರ ಕೊಳ್ಳುವವರ ಲೆಕ್ಕದಲ್ಲಿ ಸೊನ್ನೆ, ಮೇಲೆ ಕೆರೆಯುವ ಕೂಲಿ ಬೇರೆ. ತಿಳಿಯದವರು ಮೋಸಹೋಗಿ ಕೊಂಡರೆ? ಯಜಮಾನರ ಹೆಂಡತಿ, ಆ ಮನೆಯ ಅಮ್ಮ, ಈ ಪ್ರಶ್ನೆಗೆ ತಾವೇ ಉತ್ತರ ಕೊಟ್ಟರು: "ಅವರ ಗಾಡಿ ಕೊಟ್ಟು ಒಬ್ಬರ ಹತ್ರ ಬೈಸಿಕೊಳ್ಳೋದು ಬ್ಯಾಡ ಮಾರಾಯ." ಚರ್ಚೆ ಅಲ್ಲಿಗೆ ಮುಗಿಯಿತು.

ಬಣ್ಣದ ಬದಲು ಬೇರೆ ಕೆಲವು ಕೆಲಸಗಳಿಗೆ ಹಣ ಹಾಕಿಸಿದೆ. ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಸಿದ್ದು, ಕಾರ್ಬುರೇಟರ್ ಬಿಚ್ಚಿ ಜೆಟ್ ಊದಿಸಿದ್ದು, ಹೊಸ ಪಾಯಿಂಟ್ ಮತ್ತು ಕಂಡೆನ್ಸರ್, ಒಂದು ಬ್ಯಾಟರಿ, ಮಾಸ್ಟರ್ ಸಿಲಿಂಡರಿಗೂ ನಾಲ್ಕು ವೀಲ್ ಸಿಲಿಂಡರಿಗೂ ರಬ್ಬರ್ ಕಿಟ್. ಒಟ್ಟು ಖರ್ಚು 15,000ದೊಳಗೆ ಮುಗಿಯಿತು. ನಿಂತಲ್ಲೇ ನಿಂತ ಕಾರಿಗೂ ಸ್ಟಾರ್ಟ್ ಆಗಿ ಅಂಗಳದಲ್ಲಿ ಹಿಂದೆ ಮುಂದೆ ಓಡಾಡಿ ಬ್ರೇಕ್ ಹಿಡಿಯುವ ಕಾರಿಗೂ ಬೆಲೆಯಲ್ಲಿ ಅಜಗಜಾಂತರ. ಇನ್ನೊಂದು ಕಾರಣವೂ ಇತ್ತು. ಹೆಸರು ವರ್ಗಾಯಿಸಲು ಮಾಲಿನ್ಯ ತಪಾಸಣೆಯ ಸರ್ಟಿಫಿಕೇಟ್ ಬೇಕು, ಎಂಜಿನ್ ಓಡದೆ ಅದನ್ನು ಯಾರೂ ಕೊಡುವುದಿಲ್ಲ.

ಖರ್ಚಿಲ್ಲದ ಇನ್ನೊಂದು ಕೆಲಸವೇ ಹೆಚ್ಚು ಲಾಭ ತಂದಿತು ಎಂದು ನನ್ನ ಅಂದಾಜು. ಬಿಚ್ಚಿಟ್ಟ ಸಾಮಾನುಗಳೆಲ್ಲ ಶೆಡ್ಡು, ಅಟ್ಟ, ಅಡಿಕೆ ಗೋಡೌನು ಎಂದು ಹರಡಿದ್ದವು. ಅಮ್ಮ ಮತ್ತು ಮಗಳು ಕೂತು ಅವನ್ನು ಒಟ್ಟು ಮಾಡಿ, ಒರೆಸಿ, ಬಾಗಿಲ ಹಿಡಿ ಒಂದು ಡಬ್ಬ, ಗಾಜಿನ ಕ್ಲಿಪ್ಪು ಒಂದು ಡಬ್ಬ ಎಂದು ಚೀಟಿ ಅಂಟಿಸಿ ಫೋಟೊ ತೆಗೆದರು. ಗ್ರಿಲ್, ಎರಡೂ ಬಂಪರು, "1100 ಡಿಲೈಟ್" ಅಕ್ಷರಗಳು ಎಲ್ಲ ಸಿಕ್ಕವು. ಸಿಗದವು ಒಂದು ವೀಲ್ ಕಪ್, ಹಿಂದಿನ ಗಾಜಿನ ಬೀಡಿಂಗ್, ಎಡಗಡೆಯ ತ್ರಿಕೋನ ಗಾಜಿನ ಚಿಲಕ. ಸಿಗದವುಗಳನ್ನೂ ಪಟ್ಟಿಯಲ್ಲಿ ಬರೆದೆವು. ಬಿಚ್ಚಿದ ಕಾರು ನೋಡುವವರನ್ನು ಕಾಡುವ ಭಯ "ಏನೇನು ಕಳೆದಿದೆಯೋ" ಎನ್ನುವುದು. ಪಟ್ಟಿ ಕೈಗಿಟ್ಟರೆ ಆ ಭಯಕ್ಕೆ ಕಡಿಯುವ ರೇಟು ಉಳಿಯುತ್ತದೆ.

ಕಾಗದ, ಮತ್ತು ಒಲೆಯ ಹಿಂದಿನ ಬ್ಲಾಕು

ಇಲ್ಲಿ ಒಂದು ಅದೃಷ್ಟವಿತ್ತು. ಯಜಮಾನರು 2020ರಲ್ಲಿ ಆರ್‌ಸಿ ರಿನ್ಯೂವಲ್ ಮಾಡಿಸಿದ್ದರು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಒಮ್ಮೆ ಮಾಡಿಸಿದರೆ ಐದು ವರ್ಷ ಸಿಂಧು. ಎಂವೈ ಎಂದು ಶುರುವಾಗುವ ಹಳೇ ನಂಬರು ಆಗಲೇ ಕಂಪ್ಯೂಟರ್ ದಾಖಲೆಗೆ ಏರಿದ್ದರಿಂದ ಅರ್ಧ ತಲೆನೋವು ಕಳೆದಿತ್ತು. ಆದರೆ ಅವಧಿ 2025ರ ಜೂನ್‌ಗೆ ಮುಗಿಯುತ್ತಿತ್ತು. 2022ರ ಏಪ್ರಿಲ್‌ನಿಂದ ಹಳೇ ಕಾರಿನ ರಿನ್ಯೂವಲ್ ಫೀ 600ರಿಂದ 5,000ಕ್ಕೆ ಏರಿತ್ತು, ತಡವಾದರೆ ತಿಂಗಳ ಲೆಕ್ಕದಲ್ಲಿ ದಂಡ. ಅದಕ್ಕಿಂತ ದೊಡ್ಡ ತೊಡಕೆಂದರೆ ರಿನ್ಯೂವಲ್‌ಗೆ ಗಾಡಿ ತೋರಿಸಬೇಕು, ತೂತು ಬಿದ್ದ ಸಿಲ್ ಇಟ್ಟುಕೊಂಡು ತೋರಿಸುವುದು ಹೇಗೆ? ಹಾಗಾಗಿ ಅವಧಿ ಇರುವಾಗಲೇ ಮಾರಾಟ ಮುಗಿಯಬೇಕಿತ್ತು.

ಆರ್‌ಸಿ ತೀರಿಕೊಂಡವರ ಹೆಸರಲ್ಲಿತ್ತು. ಅವರ ಪರವಾಗಿ ಮಗ ಸಹಿ ಹಾಕಿ ಮಾರುವ ಹಾಗಿಲ್ಲ. ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರಂ 31. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಮಗ ಮತ್ತು ಮಗಳಿಂದ "ತಾಯಿಯ ಹೆಸರಿಗೆ ಆಗಲು ನಮ್ಮ ಅಭ್ಯಂತರವಿಲ್ಲ" ಎಂಬ ಅಫಿಡವಿಟ್ ಕೊಟ್ಟು ಕಾರನ್ನು ಅಮ್ಮನ ಹೆಸರಿಗೆ ಮಾಡಿಸಿಕೊಂಡರು. ಮಾಲೀಕರು ತೀರಿಕೊಂಡ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ನಿಯಮ ಹೇಳುತ್ತದೆ. ದುಃಖದ ಮನೆಯಲ್ಲಿ ಕಾರಿನ ಕಾಗದ ಯಾರಿಗೆ ನೆನಪಾಗುತ್ತದೆ? ತಡಕ್ಕೆ ಕಟ್ಟಬೇಕಾದ್ದನ್ನು ಕಟ್ಟಿದರು.

ಕಗ್ಗಂಟಾದದ್ದು ಎಂಜಿನ್ ನಂಬರು. 1980ರ ದಶಕದಲ್ಲಿ ಯಜಮಾನರು ಪದ್ಮಿನಿಯ ಎಂಜಿನ್ ಕೂರಿಸಿದ್ದರು, ಆರ್‌ಸಿಯಲ್ಲಿ ಹತ್ತಿಸಿರಲಿಲ್ಲ. ಆ ಕಾಲಕ್ಕೆ ಎಲ್ಲರೂ ಹಾಗೇ ಮಾಡುತ್ತಿದ್ದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆ ಆರ್‌ಸಿಗೆ ಬರಲೇಬೇಕು. ಬಿಲ್ಲು ಎಲ್ಲಿಂದ ತರುವುದು? ಬಿಲ್ಲಿಲ್ಲದ ಎಂಜಿನ್ ಕದ್ದ ಮಾಲೂ ಆಗಿರಬಹುದು ಎಂದು ಕಚೇರಿಯವರಿಗೆ ಅನುಮಾನ ಬಂದರೆ ತಪ್ಪೆನ್ನಲಾಗದು.

ಮಂಗಳೂರಿನಿಂದ ಬಂದಿದ್ದ ಮಗಳು ಅಡುಗೆಮನೆಯಿಂದಲೇ ಕೇಳಿಸಿಕೊಂಡು ಹೇಳಿದರು: "ಅಪ್ಪಯ್ಯ ಹಳೇ ಎಂಜಿನ್ ಕೊಟ್ಟಿರ್ಲಿಲ್ಲ ಅಲ್ದಾ ಅಮ್ಮ? ಅಡಿಕೆ ಬೇಯಿಸೋ ಒಲೆ ಹಿಂದೆ ಇತ್ತು."

ಇತ್ತು. ಗೋಣಿಚೀಲದ ಅಡಿಯಲ್ಲಿ, ಹಂಡೆಯ ಮಸಿಯನ್ನೂ ಅಡಿಕೆ ಚೊಗರನ್ನೂ ಹೊದ್ದುಕೊಂಡು, ಹೆಡ್ ಇಲ್ಲದ ಬ್ಲಾಕು. ಒಲೆಯ ಶಾಖಕ್ಕೆ ಅಲ್ಲಿ ತೇವ ನಿಲ್ಲುತ್ತಿರಲಿಲ್ಲವೇನೋ, ತುಕ್ಕು ಮೇಲುಮೇಲಷ್ಟೇ. ಸೀಮೆಎಣ್ಣೆ ಸುರಿದು ತಂತಿಯ ಬ್ರಷ್ಷಿನಿಂದ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದಾಗ ಅಂಕಿಗಳು ಒಂದೊಂದಾಗಿ ಎದ್ದವು. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದೆ. ಆರ್‌ಸಿಯ ಪಕ್ಕ ಹಿಡಿದು ನೋಡಿದರೆ ಅಕ್ಷರಶಃ ಅದೇ ನಂಬರು. ಅಮ್ಮ ಕನ್ನಡಕ ಹಾಕಿಕೊಂಡು ತಾವೂ ಒಂದು ಸಲ ಓದಿ ನೋಡಿದರು.

ಆ ಪೆನ್ಸಿಲ್ ಪ್ರಿಂಟು, ಎರಡೂ ಬ್ಲಾಕಿನ ಫೋಟೊ, ಅಫಿಡವಿಟ್ ಕೊಟ್ಟು, ಗಾಡಿಯನ್ನು ಟೋಯಿಂಗ್ ವಾಹನದಲ್ಲಿ ಒಯ್ದು ತೋರಿಸಿ, ಈಗಿನ ಎಂಜಿನ್ ನಂಬರನ್ನು ಆರ್‌ಸಿಗೆ ಹತ್ತಿಸಿದ್ದಾಯಿತು. ಹಳೇ ಬ್ಲಾಕ್ ಗುಜರಿಗೆ ಹೋಗಿದ್ದರೆ ಇದು ಇಷ್ಟು ಸುಲಭವಾಗುತ್ತಿರಲಿಲ್ಲ. ಅದರ ಇನ್ನೊಂದು ಬೆಲೆ ಆಮೇಲೆ ತಿಳಿಯಿತು.

ರೇಟು ಕಟ್ಟಿದ್ದು

ಇಂಥ ಕಾರಿಗೆ ರೇಟನ್ನು ತುದಿಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಶಿವಮೊಗ್ಗದ ಟಿಂಕರಿಂಗ್ (ತಗಡಿನ ಕೆಲಸದ) ಮೇಸ್ತ್ರಿಯೊಬ್ಬರನ್ನು ಕರೆತಂದು ತೋರಿಸಿದೆವು. ಬಾಡಿ ಮತ್ತು ಬಣ್ಣಕ್ಕೆ ಅವರು 1,55,000 ಹೇಳಿದರು. ಸೀಟು, ರೂಫ್ ಲೈನಿಂಗ್‌ಗೆ 28,000, ಕ್ರೋಮ್‌ಗೆ 18,000, ವೈರಿಂಗ್‌ಗೆ 12,000, ಸ್ಟೆಪ್ನಿ ಸೇರಿ ಐದು ಟೈರಿಗೆ 17,000. ಒಟ್ಟು 2,30,000. ಇಷ್ಟೆಲ್ಲ ಮುಗಿದ ಕಾರು ನಮ್ಮ ಕಡೆ ನಿಜವಾಗಿ ಕೈ ಬದಲಾಗುವುದು ಮೂರು ಮುಕ್ಕಾಲು ಲಕ್ಷದ ಆಸುಪಾಸು ಎಂದು ನನ್ನ ಅನುಭವ. ಮೊಬೈಲಿನಲ್ಲಿ ಕಂಡ ಐದು ಲಕ್ಷ ಹೇಳಿದ ರೇಟು, ಕುದುರಿದ ರೇಟಲ್ಲ. ಕಳೆದರೆ 1,45,000 ಉಳಿಯಿತು. ಬಿಚ್ಚಿದ ಮೇಲೆ ಇನ್ನಷ್ಟು ತುಕ್ಕು ಸಿಗುವ ಅಪಾಯ ಕೊಳ್ಳುವವರದಾದ್ದರಿಂದ ಅದರಲ್ಲೂ ಸ್ವಲ್ಪ ಬಿಡಬೇಕು. 1,50,000 ಹೇಳಿ, 1,25,000ಕ್ಕಿಂತ ಕೆಳಗಿಳಿಯುವುದು ಬೇಡ ಎಂದು ಮಾತಾಡಿಕೊಂಡೆವು.

ಜಾಹೀರಾತಿನ ಮೊದಲ ಫೋಟೊ ಇಡೀ ಕಾರಿನದು, ಎರಡನೆಯದು ತೂತಾದ ಸಿಲ್‌ನದು. ಮಗನಿಗೆ ಮನಸ್ಸಿರಲಿಲ್ಲ, ನಾನೇ ಒತ್ತಾಯ ಮಾಡಿದೆ. ಪುಟ್ಟಿ ಎಲ್ಲಿದೆ, ಏನಿಲ್ಲ, ಎಂಜಿನ್ ಯಾಕೆ ಬೇರೆ, ಆರ್‌ಸಿ ಯಾವಾಗ ಮುಗಿಯುತ್ತದೆ, ಎಲ್ಲವನ್ನೂ ಬರೆದೆವು. ಸುಮ್ಮನೆ ಫೋನ್ ಮಾಡುವವರು ಇದರಿಂದ ಕಡಿಮೆಯಾದರು. ಸಾಗರದವರೆಗೆ ಬಂದವರು ಸಿಲ್ ನೋಡಿ ಹೌಹಾರಲಿಲ್ಲ.

ಬಂದವರಲ್ಲಿ ಮೂವರ ವಿಷಯ ಹೇಳಬೇಕು. ಒಬ್ಬರಿಗೆ ಬೇಕಿದ್ದದ್ದು ಗ್ರಿಲ್, ಬಂಪರು, ಎಂಜಿನ್. 75,000 ನಗದು ಕೊಡುತ್ತೇನೆ, "ಪೇಪರ್ ನಿಮ್ಮ ಹತ್ರಾನೇ ಇರ್ಲಿ" ಎಂದರು. ಕಾರನ್ನು ಒಡೆದರೆ ನೋಂದಣಿ ರದ್ದು ಮಾಡಿಸುವುದು ಮಾಲೀಕರ ಹೊಣೆ. ರದ್ದಾಗದ ಆರ್‌ಸಿ ಮತ್ತು ಒಡೆದ ಕಾರಿನ ಚಾಸಿಸ್ ಪ್ಲೇಟು ಕದ್ದ ಗಾಡಿಗೆ ಹೆಸರಾಗಿ ಕೂರುವುದುಂಟು. ಅವರನ್ನು ಕಾಫಿ ಕೊಟ್ಟು ಕಳಿಸಿದೆವು.

ಇನ್ನೊಬ್ಬರು ಬೆಂಗಳೂರಿನ ಸಂಗ್ರಾಹಕರು, ವಿಂಟೇಜ್ ನೋಂದಣಿಯ ಆಸೆಯಿಂದ ಬಂದವರು. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರದ ಪ್ರತ್ಯೇಕ ನೋಂದಣಿ ಸಿಗುತ್ತದೆ. ಫೀ 20,000, ಹತ್ತು ವರ್ಷ ಸಿಂಧು. ಆದರೆ ಗಾಡಿ ಮೂಲರೂಪದಲ್ಲಿರಬೇಕು, ದಿನನಿತ್ಯ ಓಡಿಸುವಂತಿಲ್ಲ. ಬೇರೆ ಎಂಜಿನ್ ಕಂಡು ಅವರು ಹಿಂಜರಿದರು, ಹಳೇ ಬ್ಲಾಕ್ ಕಂಡು ಮತ್ತೆ ಆಸೆಪಟ್ಟರು. 1,10,000ಕ್ಕೆ ನಿಂತರು.

ಮೂರನೆಯವರು ಹುಬ್ಬಳ್ಳಿಯವರು, ಸ್ವಂತ ಲೇತ್ ವರ್ಕ್‌ಶಾಪ್ ಇಟ್ಟವರು. ಕಾರಿನ ಸುತ್ತ ಒಂದು ಸುತ್ತು ಹಾಕಿ ನೇರ ಒಲೆಯ ಹಿಂದೆ ಹೋದರು. ಬೋರಿನೊಳಗೆ ಬೆರಳಾಡಿಸಿ, "ಏನೂ ಆಗಿಲ್ರಿ ಇದಕ್ಕ. ಸ್ಲೀವ್ ಹಾಕಿ ನಾ ಎಬ್ಬಸ್ತೀನ್ರಿ, ಇದರದ ಎಂಜಿನ್ ಇದಕ್ಕ ಕೂಡ್ಸೋಣು" ಎಂದರು. ಸ್ಲೀವ್ ಎಂದರೆ ಸವೆದ ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ. ಅಮ್ಮನಿಗೆ ಮನಸ್ಸು ಆಗಲೇ ಒಪ್ಪಿತ್ತು ಎಂದು ಕಾಣುತ್ತದೆ. ಆರ್‌ಸಿ ವರ್ಷದೊಳಗೆ ಮುಗಿಯುತ್ತದೆ, ಅಷ್ಟರಲ್ಲಿ ತಗಡಿನ ಕೆಲಸ ಮುಗಿಸಬೇಕು ಎಂದು ಹುಬ್ಬಳ್ಳಿಯವರು ಚೌಕಾಸಿ ಮಾಡಿದ್ದು ನ್ಯಾಯವೇ. 1,32,000ಕ್ಕೆ ಮಾತಾಯಿತು, ಹಳೇ ಬ್ಲಾಕೂ ಸೇರಿ.

ಕೈ ಬದಲಾದದ್ದು

1,17,000 ಬ್ಯಾಂಕ್ ಖಾತೆಗೆ ಬಂದ ಮೇಲೆ ಗಾಡಿ ಹೊರಟಿತು. ಉಳಿದ 15,000 ಆರ್‌ಸಿ ಅವರ ಹೆಸರಿಗೆ ಆದ ಮೇಲೆ. ಇನ್ಶೂರೆನ್ಸ್ ಮೊದಲೇ ಥರ್ಡ್ ಪಾರ್ಟಿ ಮಾಡಿಸಿದ್ದೆವು. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿ, ರಾಜ್ಯದೊಳಗಿನ ಮಾರಾಟಕ್ಕೆ ಇರುವ 14 ದಿನದ ಗಡುವಿನೊಳಗೇ ಅರ್ಜಿ ಸಲ್ಲಿಸಿದರು. ದಿನಾಂಕ, ಗಂಟೆ ಸಹಿತ ಡೆಲಿವರಿ ನೋಟ್ ಬರೆಸಿ, ಸಿಲ್, ಪುಟ್ಟಿ, ಸಿಗದ ಸಾಮಾನುಗಳ ಪಟ್ಟಿಯನ್ನು ಅದಕ್ಕೇ ಲಗತ್ತಿಸಿ ಪುಟಪುಟಕ್ಕೂ ಸಹಿ ತೆಗೆದುಕೊಂಡೆವು.

ಇಷ್ಟು ಬಿಗಿ ಯಾಕೆ ಎಂದು ಮಗ ಕೇಳಿದರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವರ್ಸಸ್ ವಿಜಯ್ ಕುಮಾರ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಅವರಿಗೆ ಹೇಳಿದೆ. ಅಲ್ಲಿ ಕಾರು ಕೈಯಿಂದ ಕೈಗೆ ಹೋಗಿತ್ತು, ಆರ್‌ಸಿ ಮಾತ್ರ ಮೊದಲು ಮಾರಿದವರ ಹೆಸರಲ್ಲೇ ಉಳಿದಿತ್ತು. ಅಪಘಾತವಾದಾಗ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರ ಮೇಲೆಯೇ ಬಂತು. ಎಪ್ಪತ್ತು ದಾಟಿದ ಅಮ್ಮನ ಹೆಸರಲ್ಲಿ ಕಾರು ಬಿಟ್ಟು, ಹುಬ್ಬಳ್ಳಿಯಲ್ಲಿ ಅದು ಯಾರಿಗಾದರೂ ತಾಗಿದರೆ? ಮಗ ಮತ್ತೆ ಕೇಳಲಿಲ್ಲ. ಅದೇ ಕಾರಣಕ್ಕೆ ಗಾಡಿಯನ್ನು ಓಡಿಸಿಕೊಂಡು ಹೋಗಲು ಬಿಡದೆ ಟೋಯಿಂಗ್ ವಾಹನಕ್ಕೇ ಏರಿಸಿದೆವು.

ಕೆಲವು ವಾರ ಕಳೆದು ಹುಬ್ಬಳ್ಳಿಯಿಂದ ಫೋಟೊ ಬಂತು. ಹೊರ ಸಿಲ್ ಕತ್ತರಿಸಿದಾಗ ಒಳ ಸಿಲ್ ಕೂಡ ಮುಕ್ಕಾಲು ಭಾಗ ತಿಂದುಹೋಗಿತ್ತು, ಮೇಸ್ತ್ರಿಯ ಅಂದಾಜಿಗಿಂತ 22,000 ಹೆಚ್ಚು. ಮಗ ಗಾಬರಿಯಿಂದ ನನಗೆ ಫೋನ್ ಮಾಡಿದರು, ದುಡ್ಡು ವಾಪಸ್ ಕೇಳುತ್ತಾರೇನೋ ಎಂದು. ಅವರು ಕೇಳಲಿಲ್ಲ. "ನೀವು ತೂತು ತೋರಿಸೇ ಕೊಟ್ಟೀರಲ್ರಿ, ಒಳಗ ಇರೂದು ನಿಮಗೂ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ" ಎಂದರು. ಆರ್‌ಸಿ ಬಂದ ವಾರವೇ 15,000ವನ್ನೂ ಅಮ್ಮನ ಖಾತೆಗೆ ಹಾಕಿದರು. 2025ರ ಜೂನ್‌ನಲ್ಲಿ, ಬಣ್ಣ ಇನ್ನೂ ಪ್ರೈಮರ್ ಹಂತದಲ್ಲಿರುವಾಗಲೇ, ಗಟ್ಟಿಯಾದ ಸಿಲ್ ಮೇಲೆ ನಿಂತ ಗಾಡಿಯನ್ನು ರಿನ್ಯೂವಲ್‌ಗೆ ತೋರಿಸಿ 5,000 ಕಟ್ಟಿದರು. ಎರಡು ತಿಂಗಳು ತಡವಾಗಿದ್ದರೆ 10,000 ಆಗುತ್ತಿತ್ತು. ಇಪ್ಪತ್ತು ವರ್ಷ ದಾಟಿದ ಕಾರುಗಳ ಫೀ ಆ ಆಗಸ್ಟ್‌ನಲ್ಲಿ ಏರಿತು. ಮೂಲ ಬ್ಲಾಕಿಗೆ ಸ್ಲೀವ್ ಬಿದ್ದಿದೆ. ಅದನ್ನು ಕೂರಿಸಿ ವಿಂಟೇಜ್ ನೋಂದಣಿಗೆ ಹಾಕಬೇಕೋ, ಈಗಿನ ಎಂಜಿನ್ನಿನಲ್ಲೇ ಬೇಕೆನಿಸಿದಾಗ ಓಡಿಸಿಕೊಂಡಿರಬೇಕೋ ಎಂದು ಅವರಿನ್ನೂ ಯೋಚಿಸುತ್ತಿದ್ದಾರೆ.